ಎಡರೆಕ್ಕೆಯ ಹಿಮ

ಸ್ತೂರ್‌ಶೋನ್,
೧೪ ಮಾರ್ಚ್ ೧೯೬೮

ಪ್ರೀತಿಯ ಗುನ್ವೋರ್,

ಕಾಲಿನ ಮೂಳೆ ಕೂಡಿಕೊಳ್ಳುತ್ತಿದೆಯೆಂದು ಆಸ್ಪತ್ರೆಯಿಂದ ತಿಳಿಯಿತು. ಅಪಘಾತವಾಗಿ ಎರಡು ವಾರ ಕಳೆದರೂ ನಾನು ಬರೆಯಲಿಲ್ಲ, ಕ್ಷಮಿಸು. ಮೂರು ಬಾರಿ ಬರೆದು ಹರಿದೆ. ನಿನ್ನ ಅಮ್ಮ ಹೆಣೆದ ಉಣ್ಣೆಯ ಕಾಲುಚೀಲ ಇದರೊಂದಿಗಿದೆ. ಸದ್ಯಕ್ಕೆ ಒಂದೇ ಸಾಕು, ಇನ್ನೊಂದು ಪ್ಲಾಸ್ಟರ್ ಬಿಚ್ಚಿದ ಮೇಲೆ ಎಂದಿದ್ದಾಳೆ. ನರ್ಸ್ ಆಗಲು ಹೊರಟವಳು ಮೊದಲು ರೋಗಿಯಾದಳೆಂದು ನಗುತ್ತಾಳೆ. ಆಮೇಲೆ ಒಳಕೋಣೆಗೆ ಹೋಗಿ ಅಳುತ್ತಾಳೆ.

ವಿಮಾನದೊಳಗಿದ್ದ ನಿನಗೆ ಕಾಣದ್ದನ್ನು ನಾನು ದಡದಿಂದ ಕಂಡೆ. ಹೆಪ್ಪುಗಟ್ಟಿದ ಸರೋವರದ ಮೇಲೆ ಓಡಿದ ವಿಮಾನ ಆಳೆತ್ತರಕ್ಕೆ ಏರಿತು. ಆಗ ಎಡರೆಕ್ಕೆಯು ನಿದ್ದೆ ಬಂದವರ ತಲೆಯಂತೆ ಮೆಲ್ಲನೆ ವಾಲಿತು. ಅದರ ತುದಿ ಮಂಜುಗಡ್ಡೆಗೆ ತಾಗಿದ್ದೇ ತಡ, ಹಿಮದ ಪುಡಿ ಚರ್ಚಿನ ಗೋಪುರದೆತ್ತರಕ್ಕೆ ಎದ್ದು, ಬಿಸಿಲಿನಲ್ಲಿ ಬಣ್ಣಬಣ್ಣವಾಗಿ ಮಿನುಗುತ್ತ ನಿಂತಿತು. ಎಲ್ಲಿಯೂ ಸದ್ದಿಲ್ಲ. ಅರವತ್ತೆಂಟು ಚಳಿಗಾಲಗಳಲ್ಲಿ ಅಷ್ಟು ಸುಂದರವಾದುದನ್ನು ನಾನು ಕಂಡಿರಲಿಲ್ಲ, ಅದರೊಳಗೆ ನೀನಿದ್ದೆ. ಪುಡಿ ಇಳಿದಾಗ ಪೈಲಟ್ ತೂರೆ ನಿನ್ನನ್ನು ಎತ್ತಿಕೊಂಡು ಬರುತ್ತಿದ್ದ.

ಕಾರಣ, ರೆಕ್ಕೆಯ ಮೇಲಿದ್ದ ಸಕ್ಕರೆ ಉದುರಿಸಿದಷ್ಟು ತೆಳುವಾದ ಹಿಮ. ಉಗುರಿನಿಂದ ಕೆರೆದರೆ ಹೋಗುವಂಥದ್ದು ವಿಮಾನವನ್ನೇ ಕೆಳಗಿಳಿಸಬಲ್ಲುದೆಂಬುದು ನನಗೆ ಇಂದಿಗೂ ವಿಸ್ಮಯ.

ವಿಚಾರಣೆಯಲ್ಲಿ ತೂರೆ ತಪ್ಪೆಲ್ಲ ತನ್ನದೆಂದು ಒಪ್ಪಿಕೊಂಡ. ಅವನ ಪರವಾನಗಿ ರದ್ದಾಗುವುದರಲ್ಲಿತ್ತು. ತಪ್ಪು ನನ್ನದು. ಹೊರಡುವ ಮುನ್ನ ರೆಕ್ಕೆಗೆ ಹಗ್ಗ ಹಾಯಿಸಿ, ಇಬ್ಬರು ಆಚೀಚೆ ನಿಂತು ಗರಗಸದಂತೆ ಎಳೆದಾಡಿ ಹಿಮ ಕೆರೆಯುತ್ತೇವಲ್ಲ, ಅಂದು ಒಂದು ತುದಿ ಹಿಡಿದವನು ನಾನು, ಇನ್ನೊಂದು ನಿನ್ನ ಚಿಕ್ಕಪ್ಪ ಹೆಲ್ಮೆರ್. ಬಲರೆಕ್ಕೆ ಮುಗಿಯಿತು. ಎಡರೆಕ್ಕೆಗೆ ಹಗ್ಗ ಹಾಯಿಸುವಾಗ ಅವನು ಒಂದು ಮಾತಾಡಿದ. ನಾನು ಹಗ್ಗ ಬಿಸುಟು ನಡೆದೆ. ಅವನೂ ಮುನಿದು ಹೋದ. ಎಂಜಿನ್ ಬಿಸಿಮಾಡುತ್ತಿದ್ದ ತೂರೆ, "ಆಯ್ತಾ ಮೇಷ್ಟ್ರೇ?" ಎಂದು ಕೂಗಿದ. ನನ್ನನ್ನು ಬಿಟ್ಟರೆ ಸಾಕೆಂದು, ತಿರುಗಿಯೂ ನೋಡದೆ, "ಆಯಿತು" ಎಂದುಬಿಟ್ಟೆ.

ನಿನ್ನೆ ವಿಚಾರಣಾಧಿಕಾರಿಗಳಿಗೆ ಇದೆಲ್ಲವನ್ನೂ ಬರೆದುಕೊಟ್ಟೆ. ತೂರೆಯ ಪರವಾನಗಿ ಉಳಿಯಬಹುದು. ರೆಕ್ಕೆಯನ್ನು ನೀನೇ ಒಮ್ಮೆ ಏಕೆ ನೋಡಲಿಲ್ಲವೆಂದು ತೂರೆಯನ್ನು ಕೇಳಿದೆ.

"ನೀವು ಆಯ್ತು ಅಂದ್ಮೇಲೆ ನಾನ್ಯಾಕೆ ನೋಡ್ಲಿ? ಏಳು ವರ್ಷ ಶಾಲೇಲಿ ನಿಮ್ಮ ಹತ್ರ ಕಲ್ತಿದ್ದೀನಿ. ನೀವು ತಪ್ಪಿದ್ದು ಒಂದ್ಸಲಾನೂ ಕಂಡಿಲ್ಲ."



ನಿನ್ನ ಹೆಜ್ಜೆಗೆ ಮೊದಲಿನ ಬಲ ಬರಲಿ, ಮಗಳೇ. ದೇವರು ನಿನ್ನ ಹಾಸಿಗೆಯ ಬಳಿಯೇ ಇರಲಿ.

ನಿನ್ನ ತಂದೆ,
ಎವರ್ಟ್

ತಾ.ಕ.: ಹೆಲ್ಮೆರ್ ಆಡಿದ ಮಾತನ್ನು ಮೇಲೆ ಬರೆಯಲು ಕೈ ಬರಲಿಲ್ಲ. "ಮೆಲ್ಲಗೆ ಎಳಿಯೋ ಅಣ್ಣ, ಇದೇನು ಕರಿಹಲಗೇನಾ? ಮನೇಲೂ ಮೇಷ್ಟ್ರೇ ನೀನು. ಗುನ್ವೋರ್ ನಮ್ಮನೇಲಿ ಬಿದ್ದುಬಿದ್ದು ನಗ್ತಾಳೆ. ನಿನ್ನ ಮನೇಲಿ ಯಾವತ್ತಾದ್ರೂ ನಕ್ಕಿದ್ದಾಳಾ?" ಎಂದ. ಎರಡು ವಾರದಿಂದ ನೆನಪಿಸಿಕೊಳ್ಳುತ್ತಿದ್ದೇನೆ. ಒಂದು ದಿನವೂ ಸಿಗುತ್ತಿಲ್ಲ. ನಿನಗೆ ನೆನಪಿದ್ದರೆ, ಒಂದನ್ನಾದರೂ ಬರೆ.