ಕೆಂಪು ಬಟ್ಟೆ ಎತ್ತಿದ ಕೈ

ಮಾರ್ಚ್ ೧೪, ಗುರುವಾರ
ಬಾಡಿಗೆ ಕೋಣೆಯಿಂದ

ಪ್ರೀತಿಯ ಬಾವುಟ,

ಹೇಗಿದ್ದೀಯ? ನನ್ನ ತಂಗಿ, ನಿಮ್ಮ ಮಗಳು ಆರಾಮವೇ? ನಿನ್ನ ಪತ್ರ ಬಂದು ಮೂರು ತಿಂಗಳಾಯಿತು. ಓದಿ, ಮಡಚಿ, ಲೈಸೆನ್ಸಿನ ಜೊತೆ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ. ಕೆಲಸವಿತ್ತು ಅಂತ ಬರೆಯಬಹುದು, ನೀನು ನಂಬುವುದಿಲ್ಲ. ಉತ್ತರ ಬರೆಯಲು ಧೈರ್ಯ ಬರಲಿಲ್ಲ, ಅಷ್ಟೇ. ಇಷ್ಟರಲ್ಲಿ ಸಾಕಷ್ಟು ಬೈದಿರುತ್ತೀಯ. ಇನ್ನೊಂದು ಸಲ ಬೈದು ಹೊಟ್ಟೆಗೆ ಹಾಕಿಕೋ.

ಇಲ್ಲಿಯ ಸಮಾಚಾರ ಹೇಳುವುದಾದರೆ, ಅರವತ್ತೊಂದು ತುಂಬಿತು, ಇನ್ನೂ ಹೀರೋಗೆ ಡ್ಯೂಪ್. ಈ ಸಿನಿಮಾದಲ್ಲಿ ಹೀರೋ ಬಾಡಿಗೆ ಡ್ರೈವರ್. ಯಾರು ಕರೆದರೂ ಹೋಗುತ್ತಾನೆ. ಹಿಂದೆ ಕೂತವರು ಯಾರು, ಡಿಕ್ಕಿಯಲ್ಲಿ ಏನಿದೆ ಅಂತ ಕೇಳುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಕಪ್ಪು ಕನ್ನಡಕ ತೆಗೆದು, "ಹೊರಟ್ಮೇಲೆ ನಾನು ನಿಲ್ಲಿಸಲ್ಲ" ಅನ್ನುತ್ತಾನೆ. ಪಾಪ, ಅವನಿಗೆ ರಿವರ್ಸ್ ಗೇರ್ ಹಾಕಲೂ ಬರುವುದಿಲ್ಲ. ಅವನು ಮಾತಾಡುತ್ತಾನೆ, ನಾನು ಓಡಿಸುತ್ತೇನೆ. ನನ್ನ ಬೋಳುತಲೆಗೆ ಅವನ ಕೂದಲು, ನನ್ನ ಹೊಟ್ಟೆಗೆ ಅವನ ಚರ್ಮದ ಜಾಕೆಟ್. ಹಿಂದಿನಿಂದ ನೋಡಿದರೆ ನನಗೆ ಇಪ್ಪತ್ತೆಂಟು, ಮುಂದೆ ಬಂದರೆ ಅವನ ಮಾವ. ಮೇಕಪ್ಪಿನವಳು ದಿನಾ ಕೈ ಮುಗಿಯುತ್ತಾಳೆ, "ಸರ್, ದಯವಿಟ್ಟು ಈ ಕಡೆ ತಿರುಗ್ಬೇಡಿ."

ಬೇಜಾರೇನಿಲ್ಲ ಕಣೋ, ಸುಸ್ತು. ಕಾರಿನಿಂದ ಇಳಿದರೆ ಬಾಗಿಲು ಹಿಡಿದು ಸ್ವಲ್ಪ ಹೊತ್ತು ನಿಲ್ಲಬೇಕು. ಕೋಣೆಗೆ ಬಂದು ಷೂ ಬಿಚ್ಚಿದ ಮೇಲೆ ಅದನ್ನು ಮೂಲೆಗೆ ಸರಿಸಲೂ ಮನಸ್ಸಾಗುವುದಿಲ್ಲ. ಮಾರನೆಯ ಬೆಳಿಗ್ಗೆ ಅದನ್ನೇ ಎಡವುತ್ತೇನೆ.

ನಿನ್ನ ಪತ್ರಕ್ಕೆ ಬರುತ್ತೇನೆ. ಮಗಳು ನಮ್ಮ ತಂಡ ಸೇರುತ್ತೇನೆ, ನಿನ್ನ ಹಾಗೆಯೇ ತಿರುವಿನಲ್ಲಿ ನಿಂತು ಬಾವುಟ ಹಿಡಿಯುತ್ತೇನೆ ಅಂತ ಹಟ ಮಾಡುತ್ತಿದ್ದಾಳೆ. ಫೈಟ್ ಮಾಸ್ಟರ್ ಬಾ ಅಂದಿದ್ದಾರೆ, ನೀನು ಬೇಡ ಅಂದಿದ್ದೀಯ. "ಈ ಮನೆಯವರ ಕೈ ತಡ. ಒಬ್ಬನ ಕಾಲು ತೆಗೆದದ್ದು ಸಾಕು. ನೀನೇ ಅವಳಿಗೆ ಬುದ್ಧಿ ಹೇಳು" ಅಂತ ಬರೆದಿದ್ದೀಯ.

ಹತ್ತೊಂಬತ್ತು ವರ್ಷವಾಯಿತು. ಒಂದು ಶಾಟಿಗೆ ನಾನು ಕಾರು ಓಡಿಸಿಕೊಂಡು ಬರುತ್ತಿದ್ದೆ. ಲೈಟಿನವನು ವೈರು ಸರಿಮಾಡಲು ರಸ್ತೆಗೆ ಇಳಿದಿದ್ದ, ನನ್ನ ಕಾರು ಅವನ ಕಾಲಿನ ಮೇಲೆ ಹರಿಯಿತು. ನಿಲ್ಲಿಸು ಅಂತ ನೀನು ಕೆಂಪು ಬಟ್ಟೆ ಎತ್ತಿದ್ದು ತಡವಾಯಿತು ಅಂತ ಎಲ್ಲರೂ ಅಂದರು, ನೀನೂ ಒಪ್ಪಿಕೊಂಡೆ. ಸಿನಿಮಾ ಕಾರ್ಮಿಕರ ಸಂಘದವರು ನಿನ್ನ ಸದಸ್ಯತ್ವದ ಕಾರ್ಡು ಕಿತ್ತುಕೊಂಡರು, ನೀನು ಪಂಕ್ಚರ್ ಅಂಗಡಿ ಹಾಕಿಕೊಂಡೆ. ಈಗಲೂ ಪ್ರತಿ ಭಾನುವಾರ ಲೈಟಿನವನ ಮನೆಗೆ ಹೋಗಿ ಗಡ್ಡ ಹೆರೆದು, ಊರುಗೋಲಿನ ತುದಿಗೆ ಹೊಸ ರಬ್ಬರ್ ಹಾಕಿ ಬರುತ್ತೀಯಂತೆ. ತಂಗಿ ಫೋನಿನಲ್ಲಿ ಹೇಳಿದಳು, "ಅಣ್ಣಾ, ಊಟಕ್ಕೆ ಕೂತಾಗ್ಲೂ ಬಲಗೈ ನೋಡ್ಕೋತಾರೆ. ಒಂದು ಸೆಕೆಂಡ್ ಲೇಟಾಯ್ತು ಕಣೇ ಅಂತಾರೆ." ನಾನು ಹೂಂ ಅಂದು ಫೋನ್ ಇಟ್ಟೆ.

ಮೊನ್ನೆ ಮಂಗಳವಾರ ಬೆಳಿಗ್ಗೆ ಹಳೆಯ ಗೋದಾಮಿನ ಅಂಗಳದಲ್ಲಿ ಶಾಟ್ ಇತ್ತು. ಜೋರಾಗಿ ಬಂದು, ಗೋಡೆಯ ಮೂಲೆಯಲ್ಲಿ ತಿರುಗಿಸಿ, ರಟ್ಟಿನ ಪೆಟ್ಟಿಗೆಗಳ ರಾಶಿಗೆ ನುಗ್ಗಬೇಕು. ಗೋಡೆಯಾಚೆ ಏನಿದೆ ಅಂತ ನನಗೆ ಕಾಣುವುದಿಲ್ಲ, ಬಾವುಟದವರ ಕಣ್ಣೇ ನನ್ನ ಕಣ್ಣು. ಈಗ ಆ ಕೆಲಸಕ್ಕಿರುವುದು ಐವತ್ತು ದಾಟಿದ ಹೆಂಗಸು, ಮೊದಲು ಶಾಲೆಯ ಬಸ್ಸು ಓಡಿಸುತ್ತಿದ್ದವಳು. ಎರಡು ಟೇಕ್ ಕೆಟ್ಟಿದ್ದವು. ಮೂರನೆಯದರಲ್ಲಿ ಎಲ್ಲ ಸರಿಯಾಗಿಯೇ ಬರುತ್ತಿತ್ತು, ಅಷ್ಟರಲ್ಲಿ ಅವಳು ಕೆಂಪು ಬಟ್ಟೆ ಎತ್ತಿದಳು. ಬ್ರೇಕ್ ತುಳಿದೆ. ಕಾರು ಅಡ್ಡ ತಿರುಗಿ ಖಾಲಿ ಡ್ರಮ್ಮುಗಳಿಗೆ ಬಡಿದು ನಿಂತಿತು.

ಡೈರೆಕ್ಟರ್ ಓಡಿ ಬಂದರು. "ಏನ್ರೀ ಇದು! ಇನ್ನೆರಡು ಸೆಕೆಂಡ್ ಇತ್ತಲ್ರೀ, ಆರಾಮಾಗಿ ದಾಟ್ಬಹುದಿತ್ತು!" ಪೆಟ್ಟಿಗೆಗಳ ಹಿಂದಿನಿಂದ ನಮ್ಮ ಬಡಗಿ ಎದ್ದು ನಿಂತ, ಅಲ್ಲಿ ಮರೆತುಬಿಟ್ಟಿದ್ದ ಗರಗಸ ತರಲು ಹೋಗಿದ್ದನಂತೆ. ಅವನ ಮುಖ ಬಿಳಿಚಿಕೊಂಡಿತ್ತು. ಡೈರೆಕ್ಟರ್ ಹೋಗಿ ಕುರ್ಚಿಯಲ್ಲಿ ಕೂತರು.

ಬಾವುಟದ ಹೆಂಗಸು ನನಗೆ ನೀರು ತಂದುಕೊಟ್ಟಳು. "ಎಷ್ಟೋ ಜನ ನೋಡಿದ್ರೂ ನಿಲ್ಲಿಸಲ್ಲ ಅಣ್ಣಾ. ನೀವು ನಿಲ್ಲಿಸಿದ್ರಿ" ಅಂದಳು. ನೀರಿನ ಲೋಟ ಹಾಗೆಯೇ ಕೆಳಗಿಟ್ಟೆ. ಜಾಕೆಟ್, ಕೂದಲು ಎರಡನ್ನೂ ಬಿಚ್ಚಿ ಮೇಕಪ್ಪಿನವಳ ಕೈಗಿಟ್ಟು, "ಸಾಕಮ್ಮ, ಇನ್ನು ತಿರುಗ್ತೀನಿ" ಅಂದು ಬಂದುಬಿಟ್ಟೆ. ಅವಳು ತಮಾಷೆ ಅಂದುಕೊಂಡು ನಕ್ಕಳು.

ಮಗಳಿಗೆ ನಾನು ಬುದ್ಧಿ ಹೇಳುವುದಿಲ್ಲ. ಅವಳನ್ನು ಕಳಿಸು. ಅವಳಿಗೆ ನನ್ನ ಆಶೀರ್ವಾದ. ಕಣ್ಣಿನ ಆಪರೇಷನ್ ಮುಂದೂಡಬೇಡ ಅಂತ ತಂಗಿಗೆ ಹೇಳು. ಎಲ್ಲರೂ ಚೆನ್ನಾಗಿರಿ.

ಇಂತಿ ನಿನ್ನ
ಡ್ಯೂಪಣ್ಣ

ತಾ.ಕ.: ಇದನ್ನು ಬರೆಯಲಿಕ್ಕೇ ಇಷ್ಟು ಸುತ್ತಿ ಬಂದೆ. ಆವತ್ತು ನಿನ್ನ ಕೈ ತಡವಾಗಿರಲಿಲ್ಲ. ತಿರುವು ಇನ್ನೂ ದೂರವಿದ್ದಾಗಲೇ ಕೆಂಪು ಬಟ್ಟೆ ಕಂಡಿತು, ನಿನ್ನ ಹರಿದ ಅಂಗಿಯ ತೋಳೂ ಕಂಡಿತು. ಮೂರು ಟೇಕ್ ಕೆಡಿಸಿದ್ದೆ, ಇನ್ನೊಂದು ಕೆಡಿಸಿದರೆ ಬೇರೆಯವನನ್ನು ಕೂರಿಸುತ್ತೇನೆ ಅಂತ ಆಗಿನ ಡೈರೆಕ್ಟರ್ ಅಂದಿದ್ದರು. ದಾಟಿಬಿಡಬಹುದು ಅಂದುಕೊಂಡೆ. ಆಮೇಲೆ ಸಂಘದವರು ಕೇಳಿದಾಗ, ನಿನ್ನ ಪಕ್ಕದಲ್ಲೇ ಕೂತು, "ಬಾವುಟ ಕಾಣ್ಲಿಲ್ಲ ಸರ್" ಅಂದೆ. ನೀನು ನನ್ನ ಮುಖ ನೋಡಿ, "ಅಣ್ಣ ಸುಳ್ಳು ಹೇಳೋರಲ್ಲ. ನಾನೇ ಲೇಟು" ಅಂದೆಯಲ್ಲ, ಅದನ್ನು ಮರೆಯಲು ನನ್ನಿಂದ ಆಗಿಲ್ಲ. ನಿನ್ನೆ ಎಲ್ಲವನ್ನೂ ಬರೆದು, ಸಹಿ ಹಾಕಿ, ಸಂಘಕ್ಕೆ ಕೊಟ್ಟು ಬಂದಿದ್ದೇನೆ. ಕ್ಷಮಿಸು ಅಂತ ಕೇಳುವ ಮುಖ ನನಗಿಲ್ಲ. ಈ ಪುಟವನ್ನು ಮೊದಲು ಮಗಳಿಗೆ ಓದಿಸು. ಈ ಭಾನುವಾರ ಲೈಟಿನವನ ಮನೆಗೆ ನೀನು ಹೋಗಬೇಡ. ನಾನು ಹೋಗುತ್ತೇನೆ.