ವೀಕ್ಷಕರು: 1

ಜೂನ್ 3, ಬೆಳಗ್ಗೆ 10.30

ಆಟವನ್ನು ನೇರಪ್ರಸಾರಕ್ಕೆ ಕಳಿಸುವ ಎನ್‌ಕೋಡರ್ ಜೊತೆ ಮತ್ತೆ ಗುದ್ದಾಟ. ಬಿಟ್‌ರೇಟ್ ಏರಿಸಿದರೆ ಚಿತ್ರ ನಿಂತುಬಿಡುತ್ತದೆ, ಇಳಿಸಿದರೆ ಚೆಸ್ ಬೋರ್ಡಿನಲ್ಲಿ ಕುದುರೆ ಯಾವುದು, ಆನೆ ಯಾವುದು ತಿಳಿಯದು. ಮುದಿ ಕಂಪ್ಯೂಟರ್. ಹೊರಗೆ ಹೋಗುವ ಚಿತ್ರವನ್ನು ಇಲ್ಲೇ ತೋರಿಸುವ ಪ್ರಿವ್ಯೂ ಹಾಕಿದರೆ ಏದುಸಿರು ಬಿಡುತ್ತದೆ — ಆಫ್ ಮಾಡಿಟ್ಟೆ. ಚೆಸ್ ಕ್ಲಬ್ಬಿನ ಕಾರ್ಯದರ್ಶಿಗೆ ಇದೆಲ್ಲ ಗುಂಡಿ ಒತ್ತಿದರೆ ಮುಗಿಯುವ ಕೆಲಸ. ಅಣ್ಣ ಇಷ್ಟು ವರ್ಷ ಹೇಗೆ ಏಗಿದನೋ.

ಅವನು ತೀರಿಕೊಂಡು ಎರಡು ತಿಂಗಳು. ಅವನ ಸೆಟ್ಟಿಂಗ್ಸ್ ಮುಟ್ಟಲು ಮನಸ್ಸಿಲ್ಲ. ಪಟ್ಟಿಯಲ್ಲಿ ಮೊದಲಿದ್ದ ‘ಟೆಸ್ಟ್’ ಒತ್ತಿ, ಹತ್ತು ನಿಮಿಷ ಪ್ರಸಾರಕ್ಕೆ ಬಿಟ್ಟು ಟೇಬಲ್ ಜೋಡಿಸಿದೆ.

ವೀಕ್ಷಕರು: 1. ಯಾರಪ್ಪಾ? ಈ ಲಿಂಕ್ ಯಾರಿಗೂ ಕೊಟ್ಟಿಲ್ಲ.

ಜೂನ್ 4

ಇನ್ನು ದಿನಾ ಹತ್ತಕ್ಕೆ ಟೆಸ್ಟ್ ಹಾಕಬೇಕು. ಇವತ್ತೂ 1. ನಿಲ್ಲಿಸಿದ ಕೂಡಲೇ 0. ಹೆದರಿಕೆಯಾಯಿತು, ಸುಳ್ಳೇಕೆ.

ಜೂನ್ 9

ಅಮ್ಮ ಈಗ ಬೆಳಗ್ಗೆ ತಿಂಡಿ ಬಿಡುತ್ತಿಲ್ಲವಂತೆ. ಹತ್ತಕ್ಕೆ ತಟ್ಟೆ ಹಿಡಿದು ಕೂರುತ್ತಾಳಂತೆ. ಪಕ್ಕದ ಮನೆಯಾಕೆ ಹೇಳಿದಳು. ಸದ್ಯ.

ಜೂನ್ 12

ಇವತ್ತು ಪ್ರಿವ್ಯೂ ಹಾಕಿದೆ.

ಅಣ್ಣ. ದನಿ ತುಟಿಗೆ ಹೊಂದುತ್ತದೆಯೇ ನೋಡಲು ಅವನೇ ರೆಕಾರ್ಡ್ ಮಾಡಿಟ್ಟ ತುಣುಕು. ಮುಗಿದರೆ ಮತ್ತೆ ಮೊದಲಿನಿಂದ. ಚಪ್ಪಾಳೆ ತಟ್ಟುತ್ತಾನೆ. “ಅಮ್ಮಾ, ಕೇಳಿಸ್ತಾ ಇದೆಯಾ? ತಿಂಡಿ ತಿಂದ್ಯಾ?”

ಆಗೆಲ್ಲ ಅಮ್ಮನೇ ಮನೆಯಿಂದ ಇದೇ ಲಿಂಕ್‌ನಲ್ಲಿ ನೋಡಿ, ದನಿ ಸರಿಯಿದೆಯೆಂದು ಅವನಿಗೆ ಫೋನ್ ಮಾಡುತ್ತಿದ್ದಳು. ನನಗೆ ನೆನಪಾಗಬೇಡವೇ? ಇಷ್ಟು ದಿನ ಸತ್ತವನನ್ನು ಅವಳ ಮುಂದೆ ಕೂರಿಸಿದ್ದೇನೆ, ಕಣ್ಣೆತ್ತಿಯೂ ನೋಡದೆ.

ಸಂಜೆ

ತಪ್ಪಾಯಿತು ಎಂದೆ. ಅಮ್ಮ ಬಟ್ಟೆ ಮಡಚುತ್ತಲೇ ಇದ್ದಳು.

“ಹೋದ ಅಂತ ಗೊತ್ತು ಕಣೇ. ಆದ್ರೂ ಕೇಳ್ತಾನಲ್ಲ... ಉತ್ತರ ಕೊಡ್ದೆ ಇರೋಕಾಗುತ್ತಾ?”

ಸೋಮವಾರ ಹೊಸ ಕಂಪ್ಯೂಟರ್ ಬರುತ್ತದೆ, ಹಳೆಯದು ಗುಜರಿಗೆ. ತುಣುಕನ್ನು ಹೊಸದಕ್ಕೆ ಹಾಕಲೇ, ಬೇಡವೇ? ಹಾಕದಿದ್ದರೆ ಅಣ್ಣನನ್ನು ನಾನೇ ಇನ್ನೊಮ್ಮೆ ಕಳಿಸಿಕೊಟ್ಟಂತೆ. ಹಾಕಿದರೆ ಅಮ್ಮ ಅಲ್ಲೇ ಉಳಿದುಬಿಡುತ್ತಾಳೆ.

ಜೂನ್ 17, ಬೆಳಗ್ಗೆ 10.10

ಹಾಕಲಿಲ್ಲ. ಕ್ಯಾಮೆರಾ ಮುಂದೆ ನಾನೇ ಕೂತೆ. ಅದೇ ಲಿಂಕ್. ವೀಕ್ಷಕರು: 1.

“ಅಮ್ಮಾ, ಕೇಳಿಸ್ತಾ ಇದೆಯಾ?” ಎಂದೆ. ಫೋನ್ ಬಂತು.

“ಕೇಳಿಸ್ತಾ ಇದೆ. ಸ್ವಲ್ಪ ಪಕ್ಕಕ್ಕೆ ಸರಿ, ಅವನು ಕಾಣ್ತಾ ಇಲ್ಲ.”

ಸರಿದೆ. ಹಿಂದೆ ಖಾಲಿ ಕುರ್ಚಿ. ಪ್ರಿವ್ಯೂನಲ್ಲೂ ಅಷ್ಟೇ.

“ಹೂಂ, ತಿಂದೆ ಕಣೋ,” ಎಂದಳು ಅಮ್ಮ.

ತಿಂಡಿಯ ಮಾತು ನಾನಿನ್ನೂ ಎತ್ತಿರಲೇ ಇಲ್ಲ. ಪ್ರಸಾರ ನಿಲ್ಲಿಸಬೇಕು. ಮೌಸ್ ಮೇಲೆ ಕೈಯಿದೆ, ಆದರೆ ಅವಳು ಇನ್ನೂ ಮಾತಾಡುತ್ತಲೇ...