ಉಷ್ಣ ಎಂದು ಬರೆಸಬೇಡ, ಹುಲಿಗೆವ್ವ

ಹಿರೇಹಳ್ಳ ಕ್ಯಾಂಪ್,
ಫೆಬ್ರವರಿ ಮೂವತ್ತು, ಇಸವಿ ಎರಡು ಸಾವಿರದ ನೂರ ತೊಂಬತ್ತಾರು

ತಾಯಿ ಹುಲಿಗೆವ್ವ,

ತಾರೀಖು ನೋಡಿ ಗಾಬರಿಯಾಗಬೇಡ. ನಮ್ಮಲ್ಲಿ ಎಲ್ಲ ತಿಂಗಳುಗಳನ್ನೂ ಸಮ ಮಾಡಿದ್ದಾರೆ. ನಾನು ಐದನೆಯ ತರಗತಿಗೆ ಶಾಲೆ ಬಿಟ್ಟವಳು, ಮಾತು ಹಿಂದೆ ಮುಂದೆ ಆದರೆ, ನಿನಗೆ ತಿಳಿಯದ ಶಬ್ದ ಬಂದರೆ, ಹೊಟ್ಟೆಗೆ ಹಾಕಿಕೋ. ನೀನು ನನಗೆ ಮುತ್ತಜ್ಜಿಯ ಮುತ್ತಜ್ಜಿ. ಆದರೆ ಈ ಕಾಗದ ಸೇರುವಾಗ ನಿನಗೆ ಹತ್ತೊಂಬತ್ತು, ನನ್ನ ಮಗಳು ಪಂಪಿಯ ವಯಸ್ಸು. ಅದಕ್ಕೇ ಏಕವಚನ.

ನಾನು ಹಳೆಯ ದಫ್ತರದ ಕೋಣೆ ಗುಡಿಸುವವಳು. ಅಲ್ಲಿ ನಿನ್ನ ಹೆಸರಿರುವ ಪುಟದೊಳಗೆ ಏನೇ ಇಟ್ಟರೂ ಮರುದಿನ ಇರುವುದಿಲ್ಲ. ಎರಡು ಸಲ ಖಾಲಿ ಹಾಳೆ ಇಟ್ಟು ನೋಡಿದೆ. ಎಲ್ಲಿಗೆ ಹೋದವೋ, ನಿನ್ನ ಕಡೆಗೇ ಹೋಗಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮಲ್ಲಿ ಡಾಕ್ಟರು ಇಲ್ಲ. ಮನೆಗೊಂದು ಹೇಳುಗೋಡೆ ಇದೆ, ಅಂದರೆ ಕಾಯಿಲೆ ಕೇಳಿ ಔಷಧ ಕೊಡುವ ಗೋಡೆ. ಅದು ತಾನಾಗಿ ಏನನ್ನೂ ತಿಳಿದದ್ದಲ್ಲ. ಯಾವ ಸೀಮೆಯಲ್ಲಿ ಯಾರಿಗೆ ಯಾವ ರೋಗ ಬರುತ್ತದೆ ಎಂಬ ಸೀಮೆಪಟ ಅದರೊಳಗಿದೆ. ನಮ್ಮ ಸೀಮೆಯ ಕರುಳಿನ ಪಟ ಮಾಡಿದ್ದು ನಿನ್ನ ಕಾಲದ ಸಮೀಕ್ಷೆಯಿಂದ. ಅದರಲ್ಲಿ ಹೀಗಿದೆ: ದೊಡ್ಡ ಕರುಳು ಹುಣ್ಣಾಗಿ ರಕ್ತ ಹೋಗುವ ರೋಗ ಇಲ್ಲಿ ಇಪ್ಪತ್ತರಿಂದ ನಲವತ್ತರ ಗಂಡಸರಿಗೆ ಬರುತ್ತದೆ, ಮೂಲವ್ಯಾಧಿ ಎಂದುಕೊಂಡು ಎರಡು ವರ್ಷ ತಡವಾಗಿ ಆಸ್ಪತ್ರೆಗೆ ಬರುತ್ತಾರೆ, ಹೆಂಗಸರಲ್ಲಿ ಇಲ್ಲ.

ಇಲ್ಲ ಎಂದು ಹೇಗಾಯಿತು, ದಫ್ತರ ಓದಿದ ಮೇಲೆ ಗೊತ್ತಾಯಿತು. ಮನೆಮನೆಗೆ ಬಂದ ಕಾರ್ಯಕರ್ತೆ ಸೊಸೆಯಂದಿರನ್ನು ಕೇಳಿದಾಗೆಲ್ಲ ಕಟ್ಟೆಯ ಮೇಲಿನ ಅತ್ತೆಯಂದಿರೇ ಉತ್ತರ ಕೊಟ್ಟಿದ್ದಾರೆ. ಹಿರಿಯರ ಎದುರು ಸೊಸೆ ಬಾಯಿ ತೆರೆಯುವ ಪದ್ಧತಿ ಇರಲಿಲ್ಲವಲ್ಲ. ಕಾರ್ಯಕರ್ತೆ ಪಾಪ, ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದಾಳೆ. ನಿನ್ನ ಹೆಸರಿನ ಮುಂದೆ ಇರುವುದು ಇಷ್ಟೇ: "ಏನಿಲ್ಲವಾ, ಉಷ್ಣ ಆಗೇತಿ. ಮಜ್ಜಿಗಿ ಕುಡುದ್ರ ಹೊಕ್ಕೈತಿ." ಪಕ್ಕದಲ್ಲಿ, ರೋಗವಿಲ್ಲ. ಇಂಥವು ನಾಲ್ಕು ನೂರು ಪುಟ, ತಾಯಿ.

ನನ್ನ ಗಂಡನಿಗೆ ಈ ರೋಗ ಬಂದಾಗ ಗೋಡೆ ಅದೇ ದಿನ ಸೂಜಿ ಚುಚ್ಚಿತು, ತಿಂಗಳಲ್ಲಿ ಎದ್ದ. ಪಂಪಿ ಈಗ ದಿನಕ್ಕೆ ಹನ್ನೆರಡು ಸಲ ಹೋಗುತ್ತಾಳೆ. ಬರೀ ರಕ್ತ. ಮೊಣಕಾಲು ಊದಿವೆ, ಬಾಯಲ್ಲಿ ಹುಣ್ಣು, ಬಳೆ ಮೊಣಕೈ ದಾಟಿ ಮೇಲೇರುತ್ತವೆ. ಗೋಡೆಯ ಮುಂದೆ ನಿಲ್ಲಿಸಿದರೆ ಮುದುಕಿಯ ದನಿಯಲ್ಲಿ ಅದು ಹೇಳುತ್ತದೆ, "ಏನಿಲ್ಲವಾ, ಉಷ್ಣ ಆಗೇತಿ." ಆಮೇಲೆ ಒಂದು ಲೋಟ ಮಜ್ಜಿಗೆ ಹೊರಗೆ ಚಾಚುತ್ತದೆ. ಮೊದಮೊದಲು ಪಂಪಿ ನಗುತ್ತಿದ್ದಳು. "ಯವ್ವಾ, ಇದೇನ್ ಗ್ವಾಡಿನೋ ನಮ್ಮತ್ತಿನೋ? ಲಗ್ನ ಆಗೂದ್ರಾಗ ನನ್ನ ಬಾಯಿ ಕಟ್ಟಾಕತ್ತೈತಿ!" ಅನ್ನುತ್ತಿದ್ದಳು. ಈಗ ಅನ್ನುವುದಿಲ್ಲ.

ನಮ್ಮ ಓಣಿಯ ಹೆಂಗಸರೆಲ್ಲ ಕಡ್ಡಿಯಾಗಿ ಬಾಗಿಲಲ್ಲಿ ನಿಂತಿರುತ್ತಾರೆ, ಕೈಯಲ್ಲಿ ಲೋಟ. ಪಕ್ಕದ ಮನೆಯ ಸಂಗವ್ವ ತೀರಿಕೊಂಡಾಗ ಅವಳ ಮನೆಯ ಗೋಡೆ ನಂಬಲಿಲ್ಲ. ಸಾಯುವಂಥ ರೋಗ ಅವಳಿಗೆ ಪಟದಲ್ಲಿ ಇರಲಿಲ್ಲವಲ್ಲ! ಹನ್ನೊಂದು ದಿನ, ದಿನಕ್ಕೆ ಮೂರು ಲೋಟ, ಅವಳ ಹೆಸರು ಕೂಗಿ ಕೂಗಿ ಕೊಟ್ಟಿತು. ಖಾಲಿ ಮನೆಯಿಂದ ಆ ದನಿ ಕೇಳಿಸಿಕೊಂಡು ನಾವು ಕಿವಿ ಮುಚ್ಚಿಕೊಂಡು ಕೂತಿದ್ದೆವು.

ನೀನು ರಕ್ತ ಹೋಗಿ ಹೋಗಿ ಇಪ್ಪತ್ತೆರಡಕ್ಕೇ ತೀರಿಕೊಂಡೆ ಎಂದು ಇನ್ನೊಂದು ದಫ್ತರದಲ್ಲಿದೆ. ಹೇಳಬಾರದಿತ್ತೇನೋ, ಆದರೆ ಹೇಳದೆ ಹೇಗಿರಲಿ? ನೀನು ಬದುಕಿಕೊಂಡರೆ ಮುಂದಿನದೆಲ್ಲ ಬದಲಾಗಿ ನಾವೇ ಹುಟ್ಟದೆ ಹೋಗುತ್ತೇವೋ ಏನೋ, ಅದೊಂದು ಹೆದರಿಕೆ ಬೇರೆ. ಲೆಕ್ಕ ಹಾಕಿ ಹಾಕಿ ತಲೆ ಕೆಟ್ಟಿದೆ. ಹುಟ್ಟದಿದ್ದರೆ ಪಂಪಿಗೆ ಈ ನೋವಾದರೂ ಇರುವುದಿಲ್ಲ.

ನಿನ್ನ ಪುಟದಲ್ಲಿ ಬರೆದಿರುವ ಹಾಗೆ, ಗುರುವಾರ ಬೆಳಗ್ಗೆ ಕಾರ್ಯಕರ್ತೆ ನಿಮ್ಮ ಮನೆಗೆ ಬರುತ್ತಾಳೆ. ನಿನ್ನ ಅತ್ತೆ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿರುತ್ತಾಳೆ. ಒಲೆ ಬಿಟ್ಟು ಎದ್ದು ಹೊರಗೆ ಬಾ. ಬೈದರೆ ಬೈಯಲಿ. ರಕ್ತ ಹೋಗುತ್ತಿದೆ, ದಿನಕ್ಕೆ ಇಷ್ಟು ಸಲ ಹೋಗುತ್ತಿದೆ ಎಂದು ನಿನ್ನ ಬಾಯಿಂದಲೇ ಹೇಳು. ಅವಳು ಬರೆಯುವ ತನಕ ಅಲ್ಲೇ ನಿಂತು ನೋಡು. ಓದಲು ಬಾರದಿದ್ದರೆ ಓದಿಸಿ ಕೇಳು. ಓರಗಿತ್ತಿಯರಿಗೂ ಹೇಳು.

ಪಂಪಿ ಪಾಯಿಖಾನೆಗೆ ಹೋಗಿ ಬಹಳ ಹೊತ್ತಾಯಿತು. ಕೂಗಿದರೆ ಓ ಅನ್ನುತ್ತಿಲ್ಲ. ಏಳುತ್ತೇನೆ.

ನಿನ್ನ ಕುಡಿ,
ದುರುಗವ್ವ